ಬಗ್ಗುಂಜಿ ಆಳಿದ ತಂಗಿ ಕಾಳಲದೇವಿ

ಒಂದೇ ಸಿಂಹಾಸನ, ಅದಕ್ಕಾಗಿ ಕಾದಾಡೋ ರಾಜಕುಮಾರಿ ಅಕ್ಕ-ತಂಗಿಯರು. ಈಗಿನ ಫ್ಯಾಂಟಸಿ ಕಾದಂಬರಿಗಳಲ್ಲಿ ಇದು ಮಾಮೂಲಿ ಕಥೆ. ಅಂಥದ್ದನ್ನು ಓದಿದಾಗೆಲ್ಲ ನನಗೆ ನೆನಪಾಗೋದು ನಮ್ಮ ಮಲೆನಾಡಿನ ಕಾಳಲದೇವಿ.

ಈಕೆ 16ನೇ ಶತಮಾನದವಳು, ಕಳಸ-ಕಾರ್ಕಳದ ಜೈನ ಅರಸ ವೀರ ಭೈರರಸನ ತಂಗಿ. ಇವತ್ತಿನ ಕೊಪ್ಪ ತಾಲ್ಲೂಕಿನ ಬಗ್ಗುಂಜಿ ಸೀಮೆ ಅವಳ ಆಳ್ವಿಕೆಯಲ್ಲಿತ್ತು. ಆ ಮನೆತನದ್ದು ಅಳಿಯಸಂತಾನ ಕಟ್ಟು: ಅರಸನ ನಂತರ ಪಟ್ಟ ಅವನ ಮಗನಿಗಲ್ಲ, ಸೋದರಿಯ ಮಗನಿಗೆ. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸ ಕೂಡ ಸೋದರಳಿಯನಾಗಿಯೇ ಪಟ್ಟಕ್ಕೆ ಬಂದವನು. ಅಂದ್ರೆ ವಂಶ ಹೆಣ್ಣಿನಿಂದ, ಪಟ್ಟ ಸಾಮಾನ್ಯವಾಗಿ ಗಂಡಿಗೆ. ಕಾಳಲದೇವಿ ಮಾತ್ರ ತಾನೇ ಆಳಿದಳು.

1530ರಲ್ಲಿ ಮಗಳು ರಾಮಾದೇವಿ ತೀರಿಕೊಂಡಳು. ಹೆಣ್ಣಿನಿಂದಲೇ ಬೆಳೆಯೋ ವಂಶದಲ್ಲಿ ಮಗಳ ಸಾವು ಅಂದ್ರೆ ಒಂದು ಕವಲೇ ಮುರಿದಂತೆ. ಅವಳ ನೆನಪಿಗೆ ಕಾಳಲದೇವಿ ಕಲ್ಲ ಬಸದಿಯ ಪಾರ್ಶ್ವನಾಥನಿಗೆ ಭೂಮಿ ದತ್ತಿ ಬಿಟ್ಟಳು. ಶಾಸನದಲ್ಲಿ ಆ ದತ್ತಿ ಅವಳ ಹೆಸರಲ್ಲೇ ಇದೆ.

ಇವತ್ತು ಕರ್ನಾಟಕದ ಗ್ರಾಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದ್ರೂ ಎಷ್ಟೋ ಕಡೆ ಕುರ್ಚಿ ಹೆಂಡತಿಯದು, ದರ್ಬಾರು ಗಂಡನದು. ಹೆಣ್ಣಿನ ಹೆಸರಲ್ಲಿ ಗಂಡು ಆಳೋದು ನಮಗೆ ಹಳೇ ಅಭ್ಯಾಸ. ಹೆಂಗಸರು ಕುರ್ಚಿಗಾಗಿ ಕಿತ್ತಾಡ್ತಾರೆ ಅನ್ನೋ ಕಥೆ ಸಾಕು. ಕುರ್ಚಿ ಸಿಕ್ಕ ಮೇಲೆ ತೀರ್ಮಾನ ಯಾರದ್ದು ಅಂತ ಕೇಳೋಣ.