ಮಂಡಿಚಿಪ್ಪಿನ ಆಪರೇಷನ್ ಮಾಡಿಸಿದರೆ ಮಕ್ಕಳ ಕಾಲು ಬೆಳೆಯುವುದಿಲ್ಲವೇ? ಡಾ. ಗೋಲ್ಡ್‌ತ್ವೇಟ್ ಬದುಕಿನಲ್ಲಿದೆ ಉತ್ತರ

ಮಗುವಿನ ಮಂಡಿಚಿಪ್ಪು ಪದೇ ಪದೇ ಪಕ್ಕಕ್ಕೆ ಜಾರುತ್ತಿದ್ದು, ಡಾಕ್ಟರು ಆಪರೇಷನ್ ಎಂದ ಕೂಡಲೇ ಮನೆಯಲ್ಲಿ ಒಬ್ಬರಾದರೂ ಹೇಳುತ್ತಾರೆ: ಬೇಡ, ಕಾಲು ಬೆಳೆಯುವುದೇ ನಿಂತುಹೋಗುತ್ತದೆ. ಈ ಭಯಕ್ಕೆ ಕಾರಣವಿದೆ. ಆದರೆ ಅದು ಎಲ್ಲ ಆಪರೇಷನ್‌ಗಳಿಗೂ ಅನ್ವಯಿಸುವುದಿಲ್ಲ. ಏಕೆಂದು ತಿಳಿಯಲು ಅಮೆರಿಕದ ಮೂಳೆ ತಜ್ಞ ಜೋಯೆಲ್ ಗೋಲ್ಡ್‌ತ್ವೇಟ್ ಅವರ ಬದುಕನ್ನು ನೋಡೋಣ.

ಅವರು ಹುಟ್ಟಿದ್ದು 1866ರಲ್ಲಿ, ಮಸಾಚುಸೆಟ್ಸ್ ರಾಜ್ಯದ ಮಾರ್ಬಲ್‌ಹೆಡ್‌ನಲ್ಲಿ. ಮೊದಲು ಓದಿದ್ದು ಕೃಷಿ ಕಾಲೇಜಿನಲ್ಲಿ. ಆಮೇಲೆ ಹಾರ್ವರ್ಡ್ ಸೇರಿ, 1890ರಲ್ಲಿ ವೈದ್ಯರಾದರು. ಬಾಸ್ಟನ್ ನಗರದಲ್ಲಿ ಮೂಳೆ ಮತ್ತು ಕೀಲುಗಳ ಚಿಕಿತ್ಸೆಯೇ ಅವರ ವೃತ್ತಿಯಾಯಿತು.

ಮಂಡಿಚಿಪ್ಪು ತೊಡೆಮೂಳೆಯ ಮುಂಭಾಗದ ಒಂದು ಕಾಲುವೆಯಂಥ ತಗ್ಗಿನಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಗಟ್ಟಿಯಾದ ಪಟ್ಟಿಯಂಥ ಸ್ನಾಯುರಜ್ಜು ಅದನ್ನು ಕೆಳಗಿನ ಮೂಳೆಗೆ ಜೋಡಿಸುತ್ತದೆ. ಎಳೆತ ಹೊರಬದಿಗೆ ಹೆಚ್ಚಾದರೆ ಚಿಪ್ಪು ಜಾರುತ್ತದೆ. 1888ರಲ್ಲಿ ಸ್ವಿಟ್ಜರ್ಲೆಂಡ್‌ನ ಸರ್ಜನ್ ಸೀಸರ್ ರೂ ಈ ಪಟ್ಟಿಯ ಜೋಡಣೆಯನ್ನೇ ಒಳಬದಿಗೆ ಸರಿಸುವ ವಿಧಾನ ವಿವರಿಸಿದ್ದರು. ಗೋಲ್ಡ್‌ತ್ವೇಟ್ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿದರು. ಹೊರಭಾಗದ ಅರ್ಧವನ್ನು ಕೆಳಗಡೆ ಬಿಡಿಸಿ, ಇನ್ನರ್ಧದ ಹಿಂದಿನಿಂದ ತೂರಿಸಿ, ಒಳಬದಿಗೆ ಹೊಲಿದರು. 1904ರಲ್ಲಿ 11 ರೋಗಿಗಳ ವರದಿ ಪ್ರಕಟಿಸಿದರು. ಇಂದಿಗೂ ಇದಕ್ಕೆ ರೂ–ಗೋಲ್ಡ್‌ತ್ವೇಟ್ ಆಪರೇಷನ್ ಎಂದೇ ಹೆಸರು.

ಮಕ್ಕಳ ಮಟ್ಟಿಗೆ ಇದು ಮುಖ್ಯ. ಮಂಡಿಯ ಹತ್ತಿರದ ಮೂಳೆಗಳು ಬೆಳೆಯುವುದು ಗ್ರೋತ್ ಪ್ಲೇಟ್ ಎಂಬ ಮೃದು ಪದರದಿಂದ. ಪಟ್ಟಿ ಅಂಟಿರುವ ಮೂಳೆಯ ತುಂಡನ್ನೇ ಕತ್ತರಿಸಿ ಸರಿಸಿದರೆ, ಅಲ್ಲಿ ಮುಂಭಾಗದ ಬೆಳವಣಿಗೆ ನಿಂತು ಮಂಡಿ ಹಿಂದಕ್ಕೆ ಬಾಗಬಹುದು. ಗೋಲ್ಡ್‌ತ್ವೇಟ್ ವಿಧಾನದಲ್ಲಿ ಮೂಳೆ ಕತ್ತರಿಸುವ ಮಾತೇ ಇಲ್ಲ. ಹಾಗಾಗಿ ಬೆಳೆಯುವ ಮಕ್ಕಳಿಗೂ ಅದು ಬಳಕೆಗೆ ಬಂತು.

ಅವರ ಕೆಲಸ ಆಪರೇಷನ್‌ಗೆ ಸೀಮಿತವಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಅಮೆರಿಕದ ಮೂಳೆ ತಜ್ಞರ ತಂಡದೊಂದಿಗೆ ಬ್ರಿಟನ್‌ಗೆ ಹೋಗಿ ಗಾಯಾಳು ಸೈನಿಕರಿಗೆ ಚಿಕಿತ್ಸೆ ನೀಡಿದರು. ದೇಹದ ಭಂಗಿ ಮತ್ತು ಆರೋಗ್ಯದ ಸಂಬಂಧದ ಬಗ್ಗೆ ಪುಸ್ತಕ ಬರೆದರು. 1961ರಲ್ಲಿ ತೀರಿಕೊಂಡರು.

ಈಗ ಚಿಪ್ಪನ್ನು ಒಳಬದಿಯಿಂದ ಹಿಡಿದಿಡುವ ಲಿಗಮೆಂಟನ್ನು ಹೊಸದಾಗಿ ಕಟ್ಟುವ ವಿಧಾನ ಹೆಚ್ಚು ಬಳಕೆಯಲ್ಲಿದೆ. ಮಕ್ಕಳಲ್ಲಿ ಅದನ್ನೂ ಗ್ರೋತ್ ಪ್ಲೇಟ್‌ಗೆ ತಾಗದಂತೆ ಮಾಡುತ್ತಾರೆ.

ನೆನಪಿಡಿ: ಮೊದಲ ಸಲ ಜಾರಿದಾಗ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಬ್ರೇಸ್, ತೊಡೆಗೆ ಬಲ ಕೊಡುವ ವ್ಯಾಯಾಮ ಸಾಕಾಗಬಹುದು. ಆದರೆ ಎಳೆದು, ತಿರುಚಿ ಕೂರಿಸಲು ಹೋಗಬೇಡಿ. ಒಳಗೆ ಮೂಳೆ ಅಥವಾ ಮೃದ್ವಸ್ಥಿಯ ಚೂರು ಒಡೆದಿರಬಹುದು. ಎಕ್ಸ್‌ರೇ ಮಾಡಿಸಿ. ಪದೇ ಪದೇ ಜಾರುತ್ತಿದ್ದರೆ ಮಕ್ಕಳ ಮೂಳೆ ತಜ್ಞರನ್ನು ಕಂಡು ಒಂದು ಪ್ರಶ್ನೆ ಕೇಳಿ: ಈ ಆಪರೇಷನ್‌ನಲ್ಲಿ ಗ್ರೋತ್ ಪ್ಲೇಟನ್ನು ಹೇಗೆ ಕಾಪಾಡುತ್ತೀರಿ?