ಓಟಿಸ್ ರೆಡ್ಡಿಂಗ್: ಸತ್ತ ಮೇಲೆ ಬಂದ ಮೊದಲ ಸ್ಥಾನ

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯು 1958ರಿಂದ ವಾರವಾರವೂ ನೂರು ಜನಪ್ರಿಯ ಹಾಡುಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಅಂದು ಧ್ವನಿಮುದ್ರಿಕೆಗಳ ಮಾರಾಟವೂ ರೇಡಿಯೋ ಪ್ರಸಾರವೂ ಅದರ ಅಳತೆಗೋಲು. ಕಪ್ಪು ಜನರು ಮೆಚ್ಚಿದ ಹಾಡುಗಳಿಗೆ ಬೇರೆ ಪಟ್ಟಿಯಿತ್ತು. ಈ ಎರಡರ ನಡುವಣ ಅಂತರವು ಓಟಿಸ್ ರೆಡ್ಡಿಂಗನ ಬಾಳಿನಲ್ಲಿ ನನಗೆ ಎದ್ದು ಕಾಣುತ್ತದೆ.

ಹುಟ್ಟಿದ್ದು 1941ರಲ್ಲಿ, ಜಾರ್ಜಿಯಾ ಪ್ರಾಂತದ ಡಾಸನ್ ಊರಿನಲ್ಲಿ; ಬೆಳೆದದ್ದು ಮೇಕನ್ ನಗರದಲ್ಲಿ. ತಂದೆಗೆ ಕ್ಷಯ ತಗುಲಲು ಹದಿನೈದರ ಹುಡುಗ ಶಾಲೆ ಬಿಟ್ಟು ಬಾವಿ ತೋಡುವ ಕೆಲಸಕ್ಕೆ ನಿಂತನು. 1962ರಲ್ಲಿ ಮೆಂಫಿಸಿನ ಸ್ಟ್ಯಾಕ್ಸ್ ಸಂಸ್ಥೆಗೆ ಅವನು ಹೋದದ್ದು ಗಿಟಾರ್ ವಾದಕ ಜಾನಿ ಜೆಂಕಿನ್ಸನ ಕಾರು ನಡೆಸಿಕೊಂಡು! ಜೆಂಕಿನ್ಸನ ಮುದ್ರಣವು ಕೈಗೂಡದೆ ಹೊತ್ತು ಮಿಕ್ಕಿತು. ಆ ಮಿಕ್ಕ ಹೊತ್ತಿನಲ್ಲಿ ಹಾಡಿದ ಚಾಲಕನು ಸಂಸ್ಥೆಯ ಗಾಯಕನಾದನು.

ಆದರೂ ನೂರರ ಪಟ್ಟಿಯಲ್ಲಿ, ಬದುಕಿರುವತನಕ, 21ನೆಯ ಸ್ಥಾನಕ್ಕಿಂತ ಮೇಲೆ ಅವನು ಏರಲಿಲ್ಲ. 1965ರಲ್ಲಿ ಬರೆದು ಹಾಡಿದ ‘ರೆಸ್ಪೆಕ್ಟ್’ 35ರಲ್ಲಿ ನಿಂತಿತು. ಅದನ್ನೇ ಅರೀತಾ ಫ್ರಾಂಕ್ಲಿನ್ ಹಾಡಲು 1967ರಲ್ಲಿ ಮೊದಲನೆಯದಾಯಿತು. ದುಡಿದು ಮನೆಗೆ ಬಂದ ಗಂಡಸಿನ ಕೋರಿಕೆಯು ಆಕೆಯ ಕಂಠದಲ್ಲಿ ಹೆಣ್ಣಿನ ಹಕ್ಕೊತ್ತಾಯವಾಗಿ ಮಾರ್ಪಟ್ಟಿತು. ಗೆಲುವು ಆಕೆಗೆ ಸಂದದ್ದು ನ್ಯಾಯವೆಂದೇ ನನ್ನ ಎಣಿಕೆ.

ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಸಾಸಲಿಟೊದಲ್ಲಿ, ದೋಣಿಮನೆಯೊಂದರಲ್ಲಿ ತಂಗಿದ್ದಾಗ, ಅವನು ಹೊಸ ಹಾಡೊಂದನ್ನು ತೊಡಗಿದನು. ಊರು ಬಿಟ್ಟು ಬಂದವನೊಬ್ಬ ಕಡಲ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುವುದಷ್ಟೇ ಅದರ ವಸ್ತು. ಗಿಟಾರ್ ವಾದಕ ಸ್ಟೀವ್ ಕ್ರಾಪರನೊಡನೆ ಅದನ್ನು ಪೂರೈಸಿದನು. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಬಹಳ ದಿನವಾಗಿರಲಿಲ್ಲ. ಎದೆಬಿರಿಯೆ ಕೂಗಿ ಹಾಡುತ್ತಿದ್ದವನು ಇಲ್ಲಿ ತಗ್ಗಿದ ದನಿಯಲ್ಲಿ ಹಾಡಿ, ಕೊನೆಗೆ ಮಾತು ಬಿಟ್ಟು ಸಿಳ್ಳೆ ಹಾಕುತ್ತಾನೆ. ಸಂಸ್ಥೆಯ ಒಡೆಯರಿಗೆ ಆ ಮೆದು ಧಾಟಿ ಮೊದಲಿಗೆ ಹಿಡಿಸಲಿಲ್ಲ.

ಮುದ್ರಣ ಮುಗಿದ ಕೆಲವೇ ದಿನಗಳಲ್ಲಿ, 1967ರ ಡಿಸೆಂಬರ್ 10ರಂದು, ಅವನ ವಿಮಾನವು ವಿಸ್ಕಾನ್ಸಿನ್ ಪ್ರಾಂತದ ಮೊನೊನಾ ಸರೋವರಕ್ಕೆ ಬಿದ್ದಿತು. ಏಳು ಮಂದಿ ಮಡಿದರು. ತುತ್ತೂರಿ ವಾದಕ ಬೆನ್ ಕಾಲಿಯೊಬ್ಬನು ಉಳಿದನು. ರೆಡ್ಡಿಂಗನಿಗೆ ಇನ್ನೂ 26 ವರ್ಷ.

ಕ್ರಾಪರನು ಗೆಳೆಯನ ದನಿಗೆ ಅಲೆಗಳ ಮೊರೆತವನ್ನೂ ಕಡಲಹಕ್ಕಿಗಳ ಕೂಗನ್ನೂ ಬೆರೆಸಿ ಹಾಡನ್ನು ಸಿದ್ಧಗೊಳಿಸಿದನು. 1968ರ ಜನವರಿಯಲ್ಲಿ ಅದು ಹೊರಬಂದಿತು. ಮಾರ್ಚ್ 16ರ ಪಟ್ಟಿಯಲ್ಲಿ ಮೊದಲನೆಯದಾಯಿತು. ಗಾಯಕನು ತೀರಿಹೋದ ಮೇಲೆ ಆ ಪಟ್ಟಿಯ ಶಿಖರಕ್ಕೇರಿದ ಮೊತ್ತಮೊದಲ ಹಾಡು ಅದೇ. ನಾಲ್ಕು ವಾರ ಅಲ್ಲಿದ್ದಿತು. ಐದನೆಯ ವಾರ ಬಾಬಿ ಗೋಲ್ಡ್ಸ್‌ಬರೊ ಎಂಬ ಬೇರೊಬ್ಬ ಗಾಯಕನ ಹಾಡು ಆ ಸ್ಥಾನಕ್ಕೆ ಬಂದಿತು.