ಹಾಡನ್ನು ಹಳಿದ ಪಂಡಿತ ಹಾಡುಗಾರನಾದ ಕಥೆ: ಮಾನ್ವಿಯ ಜಗನ್ನಾಥದಾಸರು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆ ಬಿಸಿಲಿಗೆ ಹಾಗೂ ಬರಕ್ಕೆ ಹೆಸರಾಗಿರುವಷ್ಟು ಹಾಡಿಗೆ ಹೆಸರಾಗಿಲ್ಲ. ಆದರೆ ಹದಿನೆಂಟನೆಯ ಶತಮಾನದಲ್ಲಿ ಕನ್ನಡಿಗರ ಮನೆಮನೆಗೆ ಹಾಡುಗಳನ್ನು ಕೊಟ್ಟ ಮೂವರು ಈ ಒಂದೇ ಸೀಮೆಯಲ್ಲಿ ಹುಟ್ಟಿದವರು. ಮಾನ್ವಿ ಭಾಗದ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಮತ್ತು ಮಾನ್ವಿ ಸೀಮೆಯದೇ ಆದ ಬ್ಯಾಗವಾಟದ ಜಗನ್ನಾಥದಾಸರು. ಇವರಲ್ಲಿ ಕೊನೆಯವರ ಬದುಕು ಬಹಳ ವಿಲಕ್ಷಣವಾದುದು. ಯಾವ ಹಾಡುಗಳನ್ನು ಅವರು ಯೌವನದಲ್ಲಿ ಕೀಳೆಂದು ಬಗೆದಿದ್ದರೋ ಅದೇ ಹಾಡುಗಳು ಅವರ ಹೆಸರನ್ನು ಇಂದಿಗೂ ಉಳಿಸಿವೆ.

1728ರಲ್ಲಿ ಜನಿಸಿದ ಅವರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಮಂತ್ರಾಲಯದ ಮಠದ ವರದೇಂದ್ರ ತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಕಿರಿಯ ವಯಸ್ಸಿನಲ್ಲಿಯೇ ಸಂಸ್ಕೃತ ವಿದ್ವಾಂಸರೆಂದು ಮನ್ನಣೆ ಗಳಿಸಿದರು. ಪಾಠ ಪ್ರವಚನಗಳಿಗೆ ಶಿಷ್ಯರು ನೆರೆಯುತ್ತಿದ್ದರು. ವೇದಾಂತದ ವಿಚಾರವನ್ನು ಸಂಸ್ಕೃತದಲ್ಲಿಯೇ ಹೇಳಬೇಕು, ಕಾಲಿಗೆ ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಬೀದಿಯಲ್ಲಿ ಕನ್ನಡ ಪದ ಹಾಡುವುದು ಪಂಡಿತರಿಗೆ ಶೋಭಿಸದು ಎಂಬ ಭಾವನೆ ಅಂದಿನ ವಿದ್ವದ್ವಲಯದಲ್ಲಿ ಬಲವಾಗಿತ್ತು. ಶ್ರೀನಿವಾಸಾಚಾರ್ಯರೂ ಅದಕ್ಕೆ ಹೊರತಾಗಿರಲಿಲ್ಲ.

ಅಷ್ಟರಲ್ಲಿ ವಿಜಯದಾಸರ ಕೀರ್ತಿ ಸುತ್ತಮುತ್ತ ಹಬ್ಬಿತ್ತು. ಪುರಂದರದಾಸರು ಮತ್ತು ಕನಕದಾಸರ ತರುವಾಯ ಮಂಕಾಗಿದ್ದ ದಾಸ ಪರಂಪರೆಗೆ ಮತ್ತೆ ಜೀವ ತುಂಬಿದವರು ಅವರೇ. ಅವರ ಸಂತರ್ಪಣೆಗೆ ಬಂದ ಆಹ್ವಾನವನ್ನು ತರುಣ ಪಂಡಿತರು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರೆಂದೂ, ಮುಂದೆ ಆ ನೆಪವೇ ನಿಜವಾದ ವ್ಯಾಧಿಯಾಗಿ ಕಾಡಿತೆಂದೂ ಸಂಪ್ರದಾಯ ಹೇಳುತ್ತದೆ. ಔಷಧಗಳು ನಾಟಲಿಲ್ಲ. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ ವಿಜಯದಾಸರನ್ನೇ ಶರಣು ಹೋಗಬೇಕೆಂಬ ಸೂಚನೆ ದೊರೆಯಿತಂತೆ. ವಿಜಯದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು.

ಇಲ್ಲಿ ಗೋಪಾಲದಾಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾಗಣ್ಣ ಎಂಬ ಹೆಸರಿನ ಈ ಮೊಸರಕಲ್ಲಿನ ಹುಡುಗ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡವನು. ದಾಯಾದಿಗಳಿಂದ ಆಸ್ತಿಯೂ ಹೋಯಿತು. ತಾಯಿ ಮತ್ತು ತಮ್ಮಂದಿರೊಂದಿಗೆ ಊರು ಬಿಟ್ಟ ಆತ ಮುಂದೆ ವಿಜಯದಾಸರ ಪಟ್ಟಶಿಷ್ಯನಾದ. ಮೂವರು ತಮ್ಮಂದಿರೂ ಪದ ರಚಿಸಿದವರೇ. ಪಾಂಡಿತ್ಯದ ಬಿರುದುಗಳಿಲ್ಲದ ಇಂಥವರ ಮುಂದೆ ಹೆಸರುವಾಸಿ ಆಚಾರ್ಯರು ಕೈ ಮುಗಿದು ನಿಲ್ಲಬೇಕಾಯಿತು. ಗೋಪಾಲದಾಸರು ಜೋಳದ ರೊಟ್ಟಿಯೊಂದರಲ್ಲಿ ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಧಾರೆಯೆರೆದು ಉಣಿಸಿದರು, ರೋಗ ಹರಿಯಿತು ಎಂಬುದು ಪ್ರತೀತಿ. ಗೋಪಾಲದಾಸರು ಐವತ್ತು ತುಂಬುವ ಮೊದಲೇ ಉತ್ತನೂರಿನಲ್ಲಿ ತೀರಿಕೊಂಡರು. ಜಗನ್ನಾಥದಾಸರು ಎಂಬತ್ತನ್ನು ದಾಟಿದರು. ನಂಬುವವರಿಗೆ ಇದೇ ಸಾಕ್ಷಿ. ನಂಬದವರಿಗೂ ಸಂಸ್ಕೃತ ಪಂಡಿತನೊಬ್ಬ ಜೋಳದ ರೊಟ್ಟಿಯ ಮನೆಗೆ ಶಿಷ್ಯನಾಗಿ ಹೋದ ಸಂಗತಿ ಸಣ್ಣದೇನೂ ಅಲ್ಲ.

ಗುರುವಿನ ಆಣತಿಯಂತೆ ಅವರು ಪಂಢರಾಪುರಕ್ಕೆ ತೆರಳಿದರು. ಅಲ್ಲಿ ಚಂದ್ರಭಾಗಾ ನದಿಯಲ್ಲಿ ಮಿಂದಾಗ ‘ಜಗನ್ನಾಥ ವಿಠಲ’ ಎಂಬ ಅಂಕಿತವಿದ್ದ ಶಿಲೆ ದೊರೆಯಿತೆಂದು ಐತಿಹ್ಯವಿದೆ. ಅಂದಿನಿಂದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ನಿಜಾಮರ ಆಳ್ವಿಕೆಗೆ ಸೇರಿದ್ದ ಮಾನ್ವಿಯೇ ಅವರ ನೆಲೆಯಾಯಿತು.

ಕೀರ್ತನೆ, ಸುಳಾದಿ, ಉಗಾಭೋಗಗಳ ಜೊತೆಗೆ ತ್ರಿಪದಿಯಲ್ಲಿ ‘ತತ್ತ್ವಸುವ್ವಾಲಿ’ಯನ್ನು ಅವರು ರಚಿಸಿದರು. ಸುವ್ವಾಲೆ ಎಂದರೆ ಕುಟ್ಟುವ ಬೀಸುವ ಹೆಂಗಳೆಯರ ಹಾಡಿನ ಮಟ್ಟು. ತರ್ಕ ವ್ಯಾಕರಣಗಳಲ್ಲಿ ಪಳಗಿದವರು ಒರಳು ಬೀಸುಗಲ್ಲುಗಳ ಲಯವನ್ನು ಆರಿಸಿಕೊಂಡದ್ದು ಗಮನಿಸಬೇಕಾದ ಸಂಗತಿ. ಅವರ ಮೇರುಕೃತಿ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಮೂವತ್ತೆರಡು ಸಂಧಿಗಳ, ಸಾವಿರಕ್ಕೆ ತುಸು ಕಡಿಮೆ ಪದ್ಯಗಳ ಗ್ರಂಥ. ಕುಮಾರವ್ಯಾಸ ಭಾರತವನ್ನು ಹಾಡಿದ ಛಂದಸ್ಸಿನಲ್ಲಿಯೇ ಮಧ್ವಮತದ ತತ್ತ್ವವನ್ನು ಅವರು ಹಾಡಿಸಿದರು. ಇದು ಸುಲಭದ ಓದಲ್ಲವೆಂಬುದನ್ನು ಒಪ್ಪಬೇಕು. ಪಾರಿಭಾಷಿಕ ಶಬ್ದಗಳ ದಟ್ಟಣೆಯಿಂದಾಗಿ ಪುರಂದರರ ಪದಗಳಂತೆ ಎಲ್ಲ ಜನವರ್ಗಗಳಿಗೆ ಅದು ಹರಡಲಿಲ್ಲ. ಬಹುಪಾಲು ಮಾಧ್ವರ ಮನೆಗಳಲ್ಲಿಯೇ ಉಳಿಯಿತು. ಆ ಮನೆಗಳಲ್ಲಿ ಮಾತ್ರ ಅಕ್ಷರ ಬಾರದ ಅಜ್ಜಿಯರೂ ಸಂಧಿಗಟ್ಟಲೆ ಬಾಯಿಪಾಠ ಒಪ್ಪಿಸುತ್ತಿದ್ದರು. ಮುಂದೆ ಈ ಕನ್ನಡ ಕಾವ್ಯಕ್ಕೆ ಸಂಕರ್ಷಣ ಒಡೆಯರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಕನ್ನಡ ಪದಗಳನ್ನು ಹಳಿದಿದ್ದ ಪಂಡಿತರ ಕೃತಿಗೆ ಹೀಗೆ ಸಂಸ್ಕೃತವೇ ಸೇವೆಗೆ ನಿಂತಿತು.

ಅವರ ಸುತ್ತ ಶಿಷ್ಯರ ಬಳಗವೂ ಬೆಳೆಯಿತು. ಲಿಂಗಸುಗೂರಿನ ಪ್ರಾಣೇಶದಾಸರು ಅವರಲ್ಲಿ ಪ್ರಮುಖರು. ಹರಿಕಥಾಮೃತಸಾರದ ಕೊನೆಗೆ ಫಲಶ್ರುತಿ ಸಂಧಿಯನ್ನು ಸೇರಿಸಿದವರು ಶ್ರೀದವಿಠಲ ಅಂಕಿತದ ಕರ್ಜಗಿ ದಾಸರು. 1809ರ ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ಜಗನ್ನಾಥದಾಸರು ದೇಹ ಬಿಟ್ಟರು. ಅವರು ವಾಸವಿದ್ದ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆ ಎಂದು ಭಕ್ತರು ನಂಬುತ್ತಾರೆ. ಆರಾಧನೆಯ ದಿನಗಳಲ್ಲಿ ಭಜನಾ ಮಂಡಳಿಗಳು ಅಲ್ಲಿ ಸೇರಿ ಹಾಡುತ್ತವೆ. ರಾಯಚೂರು ನಗರದಿಂದ ಮಾನ್ವಿಗೆ ಒಂದು ತಾಸಿನ ದಾರಿ.

ಬರೆದಿಡುವುದಕ್ಕಿಂತ ಹಾಡಿ ಹಂಚಿಕೊಳ್ಳುವುದೇ ವಾಡಿಕೆಯಾಗಿದ್ದರಿಂದ ಈ ಪದಗಳ ಬಹುಪಾಲು ನಷ್ಟವಾಗಬಹುದಿತ್ತು. ತಮಗೆ ಮೆಚ್ಚಿಗೆಯಾದ ಪದಗಳನ್ನು ಮನೆಮಂದಿ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಕಳೆದ ಶತಮಾನದಲ್ಲಿ ಲಿಂಗಸುಗೂರಿನ ಗೊರೇಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಸಂಗ್ರಹಿಸಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಆ ಪ್ರಕಟಣೆಯ ಹೆಸರಿನಲ್ಲಿರುವ ವರದೇಂದ್ರರು, ಬ್ಯಾಗವಾಟದ ಶ್ರೀನಿವಾಸಾಚಾರ್ಯರಿಗೆ ಸಂಸ್ಕೃತ ಪಾಠ ಹೇಳಿದ ಗುರುಗಳೇ.